ಪಾತ್ರೆಯೊಳಗಿನ ಸೂರ್ಯ, ಬದಲಿ ಕೆಲಸದ ವಿದ್ವಾಂಸ

೨೦೨೫ನೆಯ ಇಸವಿಯ ಸೆಪ್ಟೆಂಬರ್ ೧೯ರಂದು ಅಮೆರಿಕೆಯ ಅಧ್ಯಕ್ಷ ಡೊನಾಲ್ಡ್ ಟ್ರಂಪರು ಹೊರಡಿಸಿದ ಘೋಷಣೆಯು ನಮ್ಮ ದೇಶದ ಪತ್ರಿಕೆಗಳಲ್ಲೆಲ್ಲ ದಪ್ಪ ಅಕ್ಷರಗಳಲ್ಲಿ ಅಚ್ಚಾಯಿತು. ಎಚ್-೧ಬಿ ಎಂಬ ಉದ್ಯೋಗ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ತೆರಬೇಕೆಂಬುದೇ ಅದರ ಸಾರಾಂಶ. ಕಂಪ್ಯೂಟರ್ ಕಂಪೆನಿಗಳ ನೌಕರರಿಗೆ ಇದರಿಂದ ಒದಗಿದ ಸಂಕಟದ ಕುರಿತು ಸಾಕಷ್ಟು ಚರ್ಚೆ ನಡೆಯಿತು. ಆದರೆ ಅದೇ ಬಾಗಿಲಿನ ಮುಂದೆ ನಿಂತಿದ್ದ ಇನ್ನೊಂದು ಸಣ್ಣ ಗುಂಪಿನ ಕಡೆಗೆ ಯಾರ ಗಮನವೂ ಅಷ್ಟಾಗಿ ಹರಿಯಲಿಲ್ಲ. ಡಾಕ್ಟರೇಟ್ ಪದವಿ ಪಡೆದು, ಕಾಯಂ ಹುದ್ದೆ ದೊರೆಯುವ ಮೊದಲು, ಎರಡು ಮೂರು ವರ್ಷಗಳ ಕರಾರಿನ ಮೇಲೆ ಪ್ರಯೋಗಶಾಲೆಗಳಲ್ಲಿ ದುಡಿಯುವ ತರುಣ ಸಂಶೋಧಕರ ಗುಂಪು ಅದು. ಇವರನ್ನು ‘ಪೋಸ್ಟ್‌ಡಾಕ್’ ಎಂದು ಕರೆಯುತ್ತಾರೆ.

ಮುಂಬಯಿಯ ಗಿರಣಿಗಳನ್ನು ಬಲ್ಲ ನಮ್ಮ ಹಿರಿಯ ವಾಚಕರಿಗೆ ‘ಬದಲಿ’ ಕಾಮಗಾರನ ಪರಿಚಯವಿದೆ. ಕಾಯಂ ಕಾಮಗಾರ ಬಾರದ ದಿನ ಅವನಿಗೆ ಕೆಲಸ. ಬಂದ ದಿನ ಬರಿಗೈ. ಪೋಸ್ಟ್‌ಡಾಕ್ ಸಂಶೋಧಕನ ಸ್ಥಿತಿ ಅಷ್ಟು ಕಠಿಣವಲ್ಲ; ಅವನ ಕೈಯಲ್ಲಿ ಕರಾರುಪತ್ರವಿದೆ, ತಿಂಗಳ ವೇತನವಿದೆ. ಆದರೂ ಕರಾರು ಮುಗಿದ ಮರುದಿನ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಇಬ್ಬರಿಗೂ ಸಮಾನ. ಆತನ ಕೆಲಸವೇನು, ಆ ಕೆಲಸವನ್ನು ಬದಲಿ ಕೈಗಳಿಂದ ನಡೆಸುವುದು ಲೋಕಕ್ಕೆ ಲಾಭವೇ ನಷ್ಟವೇ ಎಂಬುದನ್ನು ಒಂದು ಶಾಸ್ತ್ರದ ಉದಾಹರಣೆಯಿಂದ ಪರಿಶೀಲಿಸೋಣ. ಪ್ಲಾಸ್ಮಾ ಖಭೌತವಿಜ್ಞಾನವೆಂಬುದೇ ಆ ಶಾಸ್ತ್ರ.

ನಾಲ್ಕನೆಯ ಅವಸ್ಥೆ

ಹೆಸರು ಕೇಳಿ ವಾಚಕರು ಪುಟ ತಿರುವಬೇಕಾಗಿಲ್ಲ. ಮಂಜುಗಡ್ಡೆಗೆ ಕಾವು ಕೊಟ್ಟರೆ ನೀರು, ನೀರಿಗೆ ಕಾವು ಕೊಟ್ಟರೆ ಉಗಿ. ಇಡ್ಲಿಯ ಹಬೆಪಾತ್ರೆಯ ಮುಂದೆ ನಿಂತವರಿಗೆ ಇದನ್ನು ಬೋಧಿಸುವ ಅಗತ್ಯವಿಲ್ಲ. ಅನಿಲಕ್ಕೆ ಇನ್ನೂ ಸಾವಿರಾರು ಡಿಗ್ರಿ ಕಾವು ಕೊಡುತ್ತ ಹೋದರೆ ಅದರ ಪರಮಾಣುಗಳಿಂದ ಇಲೆಕ್ಟ್ರಾನುಗಳು ಕಳಚಿ ಬೇರೆಯಾಗುತ್ತವೆ. ಆಗ ಉಂಟಾಗುವ, ವಿದ್ಯುತ್ತನ್ನು ಹರಿಯಗೊಡುವ, ಅಯಸ್ಕಾಂತದ ಮಾತನ್ನು ಕೇಳುವ ವಸ್ತುವೇ ಪ್ಲಾಸ್ಮಾ. ಆಸ್ಪತ್ರೆಯಲ್ಲಿ ರಕ್ತದ ವಿಷಯದಲ್ಲಿ ಹೇಳುವ ಪ್ಲಾಸ್ಮಾ ಬೇರೆ, ಇದು ಬೇರೆ. ಮಳೆಗಾಲದ ಮಿಂಚು ಪ್ಲಾಸ್ಮಾ. ಹಳೆಯ ಟ್ಯೂಬ್‌ಲೈಟಿನ ಕೊಳವೆಯೊಳಗೆ ಬೆಳಗುವುದೂ ಪ್ಲಾಸ್ಮಾ. ಸೂರ್ಯನೂ ನಕ್ಷತ್ರಗಳೂ ಅದರ ಬೃಹತ್ ಗೋಳಗಳು.

ಎಷ್ಟು ಕಾವಿಗೆ ಎಷ್ಟು ಪರಮಾಣುಗಳು ಒಡೆಯುತ್ತವೆ ಎಂಬುದರ ಲೆಕ್ಕವನ್ನು ೧೯೨೦ರಲ್ಲಿ ಜಗತ್ತಿಗೆ ಕೊಟ್ಟವರು ನಮ್ಮ ದೇಶದ ಮೇಘನಾದ ಸಾಹಾ ಅವರು. ಢಾಕಾ ಸಮೀಪದ ಹಳ್ಳಿಯೊಂದರ ಕಿರಾಣಿ ಅಂಗಡಿಕಾರನ ಮಗ. ಓದಲು ಊರು ಬಿಟ್ಟಾಗ ಅವರಿಗೆ ಅನ್ನ ಮತ್ತು ಆಶ್ರಯ ಕೊಟ್ಟವರು ಅನಂತಕುಮಾರ ದಾಸರೆಂಬ ವೈದ್ಯರು. ಅಲ್ಲಿ ಹಸುವಿನ ಆರೈಕೆ ಮಾಡಿ, ತನ್ನ ತಟ್ಟೆ ತಾನೇ ತೊಳೆದು ಆ ಹುಡುಗ ಶಾಲೆಗೆ ಹೋದನು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಪುಸ್ತಕ ತೆರೆದವರ ಪರಂಪರೆಯಿರುವ ನಮ್ಮ ಸಮಾಜಕ್ಕೆ ಈ ಸಂಗತಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಲೆಕ್ಕವನ್ನು ಪ್ರಯೋಗದಿಂದ ಪರೀಕ್ಷಿಸುವ ಸಲಕರಣೆ ಸ್ವದೇಶದಲ್ಲಿ ದೊರೆಯದೆ, ಸಾಹಾ ಅವರು ಲಂಡನಿನಿಂದ ಬರ್ಲಿನ್ನಿಗೆ ಹೋಗಿ ನರ್ನ್‌ಸ್ಟರ ಪ್ರಯೋಗಶಾಲೆಯ ಬಾಗಿಲು ತಟ್ಟಬೇಕಾಯಿತು. ನೂರು ವರ್ಷಗಳ ಹಿಂದಿನ ಆ ಪ್ರಯಾಣವೂ ಇಂದಿನ ಪೋಸ್ಟ್‌ಡಾಕ್ ಸಂಶೋಧಕನ ಪ್ರಯಾಣವೂ ಒಂದೇ ಜಾತಿಯವು.

ಪ್ರಯೋಗಶಾಲೆ ಏತಕ್ಕೆ?

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು ೫,೫೦೦ ಡಿಗ್ರಿ. ಅದರ ಸುತ್ತಲಿನ ‘ಕರೋನ’ ಎಂಬ ಪ್ರಭಾವಲಯದ ಉಷ್ಣತೆಯಾದರೋ ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿದುದು. ಒಲೆಯಿಂದ ದೂರ ಸರಿದಷ್ಟೂ ಸೆಕೆ ಹೆಚ್ಚುತ್ತದೆಂದರೆ ಯಾವ ಅಡಿಗೆಯವನು ನಂಬಿಯಾನು? ಈ ಒಗಟು ಪೂರ್ತಿಯಾಗಿ ಇನ್ನೂ ಬಿಡಿಸಲ್ಪಟ್ಟಿಲ್ಲ. ಆ ವಲಯದಿಂದ ಎಲ್ಲ ದಿಕ್ಕಿಗೂ ಪ್ಲಾಸ್ಮಾ ಬೀಸುತ್ತಿರುತ್ತದೆಂದು ಯೂಜೀನ್ ಪಾರ್ಕರರು ೧೯೫೮ರಲ್ಲಿ ಬರೆದಾಗ ಇಬ್ಬರು ಪರಿಶೀಲಕರು ಆ ಲೇಖನವನ್ನು ತಿರಸ್ಕರಿಸಿದರು. ಅದನ್ನು ಅಚ್ಚಿಗೆ ಕಳುಹಿದವರು ಆ ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರರು. ಇಂದು ಪಾರ್ಕರರ ಹೆಸರನ್ನೇ ಹೊತ್ತ ನೌಕೆಯೊಂದು ೨೦೨೪ರ ಡಿಸೆಂಬರ್ ೨೪ರಂದು ಸೂರ್ಯನ ಮೇಲ್ಮೈಯಿಂದ ಸುಮಾರು ೬೧ ಲಕ್ಷ ಕಿಲೋಮೀಟರಿನಷ್ಟು ಸಮೀಪಕ್ಕೆ ಹೋಗಿ ಬಂದಿದೆ.

ಈ ಸೌರಮಾರುತವು ಕೆಲವೊಮ್ಮೆ ಬಿರುಗಾಳಿಯಾಗುವುದುಂಟು. ೧೯೮೯ರ ಮಾರ್ಚಿಯಲ್ಲಿ ಅಂತಹ ಹೊಡೆತದಿಂದ ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಸುಮಾರು ೬೦ ಲಕ್ಷ ಜನರು ಒಂಬತ್ತು ಗಂಟೆಗಳಷ್ಟು ಕಾಲ ವಿದ್ಯುತ್ತಿಲ್ಲದೆ ಕಳೆದರು. ೨೦೨೨ರ ಫೆಬ್ರುವರಿಯಲ್ಲಿ ಒಂದೇ ಬಾರಿಗೆ ಹಾರಿಬಿಟ್ಟ ೪೯ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು ೪೦ ನಷ್ಟವಾದವು. ೨೦೨೪ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಕಾಶವೇ ಕೆಂಪಾಯಿತು. ಗಲ್ಲಾದ ಮೇಲೆ ಫೋನಿನಿಂದ ಹಣ ಸಂದಾಯವಾಗುವ, ವಿಮಾನಗಳು ಉಪಗ್ರಹಗಳನ್ನು ನೆಚ್ಚಿ ದಾರಿ ಹಿಡಿಯುವ ಈ ಕಾಲದಲ್ಲಿ ಸೂರ್ಯನ ಮುನಿಸು ಪಂಡಿತರ ಖಾಸಗಿ ವಿಷಯವಾಗಿ ಉಳಿದಿಲ್ಲ.

ಆದರೆ ಸೂರ್ಯನನ್ನು ನಿಲ್ಲಿಸಿ ಪ್ರಶ್ನೆ ಕೇಳಲು ಬರುವುದಿಲ್ಲ. ನೌಕೆಯು ತಾನಿದ್ದ ಜಾಗದ ಸುದ್ದಿಯನ್ನಷ್ಟೇ ಕಳಿಸುತ್ತದೆ. ದೂರದರ್ಶಕವು ತೋರಿದುದನ್ನಷ್ಟೇ ನೋಡಬೇಕು. ಆದುದರಿಂದ ವಿಜ್ಞಾನಿಗಳು ಆಕಾಶದ ಒಂದು ತುಣುಕನ್ನು ಪಾತ್ರೆಯೊಳಗೆ ತಾವೇ ಸೃಷ್ಟಿಸಿ, ಕಾವು, ಅಯಸ್ಕಾಂತಬಲ, ವೇಗ ಇವುಗಳನ್ನು ಬೇಕಾದಂತೆ ಏರಿಸಿ ಇಳಿಸಿ ನೋಡುತ್ತಾರೆ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೂರು ಮೀಟರ್ ಅಡ್ಡಳತೆಯ ಒಂದು ಟೊಳ್ಳು ಗೋಳವಿದೆ. ಸೌರಮಾರುತವು ಸುರುಳಿಯಾಗಿ ಹರಡುವ ಬಗೆಯನ್ನು ೨೦೧೯ರಲ್ಲಿ ಅದರೊಳಗೆ ಪುಟ್ಟದಾಗಿ ಮಾಡಿ ತೋರಿಸಿದರು. ಲಾಸ್ ಏಂಜಲೀಸಿನ ೨೦ ಮೀಟರ್ ಉದ್ದದ ಯಂತ್ರದಲ್ಲಿ, ಧ್ರುವಪ್ರದೇಶದ ಆಕಾಶದೀಪ್ತಿಗೆ ಕಾರಣವಾಗುವ ಇಲೆಕ್ಟ್ರಾನುಗಳು ಪ್ಲಾಸ್ಮಾದ ಅಲೆಯನ್ನೇರಿ ವೇಗ ಪಡೆಯುವುದನ್ನು ಅಳೆದ ವಿವರ ೨೦೨೧ರಲ್ಲಿ ಪ್ರಕಟವಾಯಿತು.

ಅರುವತ್ತು ವರ್ಷಗಳ ಒಂದು ಲೆಕ್ಕ

ಇಂತಹ ಒಂದು ಪ್ರಯೋಗಕ್ಕೆ ಹಿಡಿಯುವ ಕಾಲವೆಷ್ಟೆಂಬುದನ್ನು ತಿಳಿಯಲು ಪ್ರಿನ್ಸ್‌ಟನ್ನಿನ ಉದಾಹರಣೆ ಸಾಕು. ನಕ್ಷತ್ರಗಳ, ಕೃಷ್ಣರಂಧ್ರಗಳ ಸುತ್ತ ಅನಿಲದ ತಟ್ಟೆಗಳು ತಿರುಗುತ್ತಿರುತ್ತವೆ. ಹೊರಗಿನ ಅನಿಲಕ್ಕಿಂತ ಒಳಗಿನದರ ವೇಗ ಹೆಚ್ಚು. ಆ ಅನಿಲವು ತಿರುಗುತ್ತಲೇ ಇದ್ದರೆ ನಕ್ಷತ್ರವು ಬೆಳೆಯುವಂತಿಲ್ಲ. ಅದು ಹೇಗೋ ತನ್ನ ಸುತ್ತಾಟವನ್ನು ಕಳೆದುಕೊಂಡು ಒಳಗೆ ಬೀಳಬೇಕು. ಹೇಗೆ ಕಳೆದುಕೊಳ್ಳುತ್ತದೆ?

ಉತ್ತರದ ಬೀಜ ೧೯೫೯ರಲ್ಲಿ ರಶಿಯದ ವೆಲಿಖೋವರ ಲೇಖನದಲ್ಲಿಯೂ ೧೯೬೦ರಲ್ಲಿ ನಮ್ಮ ಚಂದ್ರಶೇಖರರ ಲೇಖನದಲ್ಲಿಯೂ ಇತ್ತು. ಅಯಸ್ಕಾಂತದ ರೇಖೆಯು ಎರಡು ಅನಿಲದ ಮುದ್ದೆಗಳನ್ನು ಸ್ಪ್ರಿಂಗಿನಂತೆ ಕಟ್ಟಿಹಾಕಿದೆಯೆಂದು ಊಹಿಸಿರಿ. ಮುಂದೆ ಓಡುವ ಒಳಗಿನ ಮುದ್ದೆಯನ್ನು ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ. ಅದು ತನ್ನ ಬಲ ಕಳೆದುಕೊಂಡು ಇನ್ನೂ ಒಳಗೆ ಜಾರುತ್ತದೆ. ಹಿಂದುಳಿದ ಹೊರಗಿನದನ್ನು ಅದೇ ಸ್ಪ್ರಿಂಗು ಮುಂದಕ್ಕೆಳೆಯುತ್ತದೆ. ಅದು ಇನ್ನೂ ಹೊರಗೆ ಸರಿಯುತ್ತದೆ. ಹೀಗೆ ಅಂತರ ಬೆಳೆಯುತ್ತ ಹೋಗಿ ಇಡೀ ತಟ್ಟೆ ಕದಡುತ್ತದೆ. ಆಕಾಶದ ತಟ್ಟೆಗಳಿಗೆ ಈ ತತ್ವ ಅನ್ವಯಿಸುತ್ತದೆಂದು ಬಾಲ್ಬಸ್ ಮತ್ತು ಹಾಲಿ ಎಂಬವರು ತೋರಿಸಿದುದು ೧೯೯೧ರಲ್ಲಿ.

ಇದನ್ನು ಕಣ್ಣಾರೆ ಕಾಣಬೇಕೆಂದು ಪ್ರಿನ್ಸ್‌ಟನ್ನಿನ ಹಾಂಟಾವೊ ಜಿ, ಜೆರೆಮಿ ಗುಡ್‌ಮನ್ ಮೊದಲಾದವರು ೨೦೦೧ರಲ್ಲಿ ಯೋಜನೆಯನ್ನು ಮುಂದಿಟ್ಟರು. ಒಂದರೊಳಗೊಂದು ನಿಲ್ಲಿಸಿದ ಎರಡು ಉರುಳೆಗಳು, ಅವುಗಳ ನಡುವೆ ದ್ರವರೂಪದ ಲೋಹ, ಸುತ್ತ ಅಯಸ್ಕಾಂತ. ಲೋಹದ್ರವ ಪ್ಲಾಸ್ಮಾ ಅಲ್ಲವಾದರೂ ವಿದ್ಯುತ್ತನ್ನು ಹರಿಯಗೊಡುವುದರಿಂದ ಅದೇ ನಿಯಮಕ್ಕೆ ಒಳಪಡುತ್ತದೆ. ನೋಡಲು ಇದು ಹಿಟ್ಟು ರುಬ್ಬುವ ಯಂತ್ರದ ಅಣ್ಣನಂತೆಯೇ. ಆದರೆ ತೊಂದರೆ ಬಂದುದು ಮೇಲಿನ ಮತ್ತು ಕೆಳಗಿನ ಮುಚ್ಚಳಗಳಿಂದ. ಆಕಾಶದಲ್ಲಿ ಮುಚ್ಚಳವಿಲ್ಲ, ಪಾತ್ರೆಗೆ ಮುಚ್ಚಳ ತಪ್ಪದು. ಮುಚ್ಚಳದ ಉಜ್ಜುವಿಕೆಯಿಂದ ದ್ರವದ ಓಟ ಕೆಡುತ್ತಿತ್ತು. ಮುಚ್ಚಳಗಳನ್ನು ಬಳೆಗಳಂತೆ ವಿಭಾಗಿಸಿ ಬೇರೆ ಬೇರೆ ವೇಗದಲ್ಲಿ ತಿರುಗಿಸಿದರು. ಮುಂದೆ ಅವನ್ನು ತಾಮ್ರದಿಂದ ಮಾಡಿಸಿದರು. ಕೊನೆಗೆ ೨೦೨೨ರಲ್ಲಿ, ಹುಡುಕುತ್ತಿದ್ದ ಕದಡುವಿಕೆಯ ಗುರುತು ದೊರಕಿತೆಂದು ಅವರು ಪ್ರಕಟಿಸಿದರು. ಚಂದ್ರಶೇಖರರ ಲೇಖನದಿಂದ ೬೨ ವರ್ಷ. ಯೋಜನೆಯಿಂದ ೨೧ ವರ್ಷ.

ಕೈಹದದ ಪ್ರಶ್ನೆ

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ಕೆಲಸದ ಆಯುಸ್ಸು ಇಪ್ಪತ್ತು ವರ್ಷ. ಅದರ ಸಲಕರಣೆಯನ್ನು ದಿನವೂ ಮುಟ್ಟಿ, ಬಿಚ್ಚಿ, ಜೋಡಿಸಿ ನಡೆಸುವ ಪೋಸ್ಟ್‌ಡಾಕ್ ಸಂಶೋಧಕನ ಕರಾರು ಎರಡು ಅಥವಾ ಮೂರು ವರ್ಷ. ಅದೂ ಪ್ರಾಧ್ಯಾಪಕರಿಗೆ ಸರಕಾರದಿಂದ ದೊರೆಯುವ ಧನಸಹಾಯವನ್ನು ಅವಲಂಬಿಸಿದುದು.

ಹೋಟೆಲು ನಡೆಸಿ ಬಂದ ನಮಗೆ ಇದರ ಪರಿಣಾಮ ಎಂತಹುದೆಂದು ಊಹಿಸುವುದು ಕಷ್ಟವಲ್ಲ. ಹೋಟೆಲಿನ ಸಾಂಬಾರಿಗೆ ರುಚಿ ಕೊಡುವುದು ಗೋಡೆಯ ಮೇಲಿನ ಬೋರ್ಡಲ್ಲ, ಅಡಿಗೆಯವನ ಕೈಹದ. ಯಾವ ಒಲೆ ಯಾವ ಮೂಲೆಯಲ್ಲಿ ಹೆಚ್ಚು ಉರಿಯುತ್ತದೆ, ಹಿಟ್ಟು ಮಳೆಗಾಲದಲ್ಲಿ ಎಷ್ಟು ಹೊತ್ತಿಗೆ ಹುಳಿಯುತ್ತದೆ ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಪ್ರತಿ ಎರಡು ವರ್ಷಕ್ಕೆ ಅಡಿಗೆಯವನನ್ನು ಬದಲಿಸುವ ಮಾಲಿಕನು ಸಂಬಳದಲ್ಲಿ ನಾಲ್ಕು ಕಾಸು ಉಳಿಸಿಯಾನು, ಗಿರಾಕಿಯನ್ನು ಉಳಿಸಲಾರನು. ಪ್ರಯೋಗವಿಜ್ಞಾನವೂ ಅಷ್ಟೇ. ನಿರ್ವಾತದ ಪಾತ್ರೆ ಎಲ್ಲಿ ಸೋರುತ್ತದೆ, ಯಾವ ತಂತಿ ಸುಳ್ಳು ಅಳತೆ ಹೇಳುತ್ತದೆ ಎಂಬ ಜ್ಞಾನವು ಬಹುಮಟ್ಟಿಗೆ ಯಂತ್ರದ ಬಳಿ ರಾತ್ರಿ ಕಳೆದವನ ಕೈಯಲ್ಲಿದೆ. ಪ್ರಕಟವಾದ ಲೇಖನದಲ್ಲಿ ಫಲಿತಾಂಶವಿರುತ್ತದೆ. ಹದವು ಕರಾರು ಮುಗಿದವನೊಡನೆ ಬಾಗಿಲು ದಾಟಿ ಹೋಗುತ್ತದೆ.

ಇದಕ್ಕೆ ಒಂದು ಸಮರ್ಥನೆಯೂ ಇಲ್ಲದಿಲ್ಲ. ಊರೂರು ಸುತ್ತಿದವನು ನಾಲ್ಕು ಅಡಿಗೆಮನೆಗಳ ವಿದ್ಯೆ ಕಲಿಯುತ್ತಾನೆ; ಒಂದೇ ಕಡೆ ಕುಳಿತವನು ಜಡವಾಗುವ ಅಪಾಯವುಂಟು. ತರುಣನು ಕೆಲವು ವರ್ಷ ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಪಳಗುವುದು ಒಳ್ಳೆಯದೇ. ಆದರೆ ಪಳಗುವ ಅವಧಿಗೆ ಒಂದು ಕೊನೆಯಿರಬೇಕು. ಮೂವತ್ತೈದು, ನಲವತ್ತರ ವಯಸ್ಸಿನವರೆಗೆ ಒಂದು ಕರಾರಿನಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಪೆಟ್ಟಿಗೆ ಹೊರುವಂತಾದರೆ ಅದು ಶಿಕ್ಷಣವೆನಿಸದು, ಅಗ್ಗದ ದುಡಿಮೆಯೆನಿಸುತ್ತದೆ.

ಅಮೆರಿಕೆಯ ಬಾಗಿಲು

ಇಷ್ಟು ದಿನ ಈ ಪದ್ಧತಿಯ ಕುಂದನ್ನು ಮುಚ್ಚಿದುದು ಅಮೆರಿಕೆಯ ವಿಶಾಲವಾದ ಬಾಗಿಲು. ಭಾರತ, ಚೀನಾ ಮೊದಲಾದ ದೇಶಗಳಿಂದ ಹೊಸ ಕೈಗಳು ಬರುತ್ತಲೇ ಇದ್ದವು. ೨೦೨೫ರಲ್ಲಿ ಆ ಬಾಗಿಲು ಹಲವು ಕಡೆಯಿಂದ ಕಿರಿದಾಯಿತು. ಮೇ ತಿಂಗಳ ಕೊನೆಯಲ್ಲಿ ವಿದ್ಯಾರ್ಥಿ ಹಾಗೂ ವಿನಿಮಯ ವೀಸಾಗಳ ಹೊಸ ಸಂದರ್ಶನಗಳನ್ನು ಕೆಲವು ವಾರ ತಡೆದರು. ಪೋಸ್ಟ್‌ಡಾಕ್ ಸಂಶೋಧಕರಲ್ಲಿ ಬಹಳ ಮಂದಿ ಹೋಗುವುದು ಈ ವಿನಿಮಯ ವೀಸಾದ ಮೇಲೆಯೇ. ಒಂದು ಲಕ್ಷ ಡಾಲರಿನ ಶುಲ್ಕವು ಆ ವೀಸಾಕ್ಕೆ ತಗಲುವುದಿಲ್ಲ ನಿಜ. ಆದರೆ ಅಲ್ಲಿಂದ ಮುಂದಿನ ಮೆಟ್ಟಿಲು ಎಚ್-೧ಬಿ, ಮತ್ತು ವಿಶ್ವವಿದ್ಯಾಲಯಗಳನ್ನು ಆ ಶುಲ್ಕದಿಂದ ಒಟ್ಟಾಗಿ ಹೊರಗಿಡಲಿಲ್ಲ. ಲಾಭವಿಲ್ಲದ ಪ್ರಯೋಗಶಾಲೆಯು ಒಬ್ಬ ತರುಣನಿಗಾಗಿ ಅಷ್ಟು ಹಣ ತೆತ್ತೀತೇ?

ಅದೇ ವರ್ಷ ಶ್ವೇತಭವನವು ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ವಾರ್ಷಿಕ ಅನುದಾನವನ್ನು ಸುಮಾರು ೯೦೦ ಕೋಟಿ ಡಾಲರಿನಿಂದ ೩೯೦ ಕೋಟಿಗೆ ಇಳಿಸಬೇಕೆಂದು ಸೂಚಿಸಿತು. ಅಲ್ಲಿಯ ಕಾಂಗ್ರೆಸ್ಸು ಅಷ್ಟು ದೊಡ್ಡ ಕಡಿತವನ್ನು ಒಪ್ಪಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಕತ್ತಿಯನ್ನು ಎತ್ತಿ ಹಿಡಿದರೆ ಸಾಕು, ಕಡಿಯಬೇಕೆಂದಿಲ್ಲ. ಮುಂದಿನ ವರ್ಷ ಹಣ ಬರುವುದೋ ಇಲ್ಲವೋ ಎಂದು ತಿಳಿಯದ ಪ್ರಾಧ್ಯಾಪಕನು ಮೊದಲು ನಿಲ್ಲಿಸುವುದು ಹೊಸ ಪೋಸ್ಟ್‌ಡಾಕ್ ನೇಮಕವನ್ನೇ. ವ್ಯಾಪಾರ ಕುಗ್ಗಿದಾಗ ಮೊದಲು ಮನೆಗೆ ಹೋಗುವವನು ಕಾಯಂ ಆಗದ ಹುಡುಗನಲ್ಲವೇ?

ಯುರೋಪಿನವರು ಚುರುಕಾಗಿದ್ದಾರೆ. ೨೦೨೫ರ ಮೇ ೫ರಂದು ಪ್ಯಾರಿಸಿನಲ್ಲಿ ಐರೋಪ್ಯ ಒಕ್ಕೂಟವು ಸಂಶೋಧಕರನ್ನು ಆಕರ್ಷಿಸಲು ೫೦ ಕೋಟಿ ಯೂರೋಗಳ ಯೋಜನೆಯನ್ನು ಸಾರಿತು. ನಾವು?

ನಮ್ಮ ಮನೆಯ ಸ್ಥಿತಿ

ಈ ವಿದ್ಯೆ ನಮಗೆ ಅನ್ಯವಲ್ಲ. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರನ್ನು ‘ಆರ್ಯಭಟ’ ಉಪಗ್ರಹದ ನಿರ್ಮಾಪಕರೆಂದು ನಾವೆಲ್ಲ ಅಭಿಮಾನದಿಂದ ಸ್ಮರಿಸುತ್ತೇವೆ. ಅದಕ್ಕೂ ಮೊದಲು, ೧೯೬೦ರ ದಶಕದ ಆರಂಭದಲ್ಲಿ, ಅವರು ಡಾಕ್ಟರೇಟ್ ಮುಗಿಸಿ ಅಮೆರಿಕೆಯ ಎಮ್‌ಐಟಿ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಸಂಶೋಧಕರಾಗಿದ್ದರೆಂಬುದು ಅಷ್ಟು ಪ್ರಸಿದ್ಧವಲ್ಲ. ಮ್ಯಾರಿನರ್-೨ ನೌಕೆಯ ಅಳತೆಗಳನ್ನು ಆಧರಿಸಿ, ಸೌರಮಾರುತವು ಎಡೆಬಿಡದೆ ಬೀಸುತ್ತದೆಂಬುದನ್ನು ಸ್ಥಿರಪಡಿಸಿದವರಲ್ಲಿ ಅವರೂ ಒಬ್ಬರು. ೧೯೬೬ರಲ್ಲಿ ಅವರು ಅಹಮದಾಬಾದಿಗೆ ಮರಳಿದರು. ಮುಂದಿನ ಕಥೆ ದೇಶಕ್ಕೇ ಗೊತ್ತಿದೆ.

ಇನ್ನೊಬ್ಬರು ಪ್ರೆಧಿಮನ್ ಕೃಷನ್ ಕಾವ್. ಪ್ರಿನ್ಸ್‌ಟನ್ನಿನಲ್ಲಿ ಪೋಸ್ಟ್‌ಡಾಕ್ ಆಗಿದ್ದು, ಅಲ್ಲಿಯೇ ನೆಲೆಸುವ ಅವಕಾಶವಿದ್ದರೂ ೧೯೮೨ರಲ್ಲಿ ಹಿಂದಿರುಗಿ ಪ್ಲಾಸ್ಮಾ ಸಂಶೋಧನೆಯ ಕಾರ್ಯಕ್ರಮವನ್ನು ಕಟ್ಟಿದರು. ಅದೇ ೧೯೮೬ರಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಾಯಿತು. ಈ ಇಬ್ಬರಿಗೂ ಮರಳಿ ಬಂದಾಗ ನಿಲ್ಲಲು ನೆಲ ದೊರೆಯಿತು ಎಂಬುದನ್ನು ಗಮನಿಸಬೇಕು. ದೇಶಪ್ರೇಮವೊಂದೇ ಅವರನ್ನು ಕರೆತಂದುದಲ್ಲ. ಕಾದಿದ್ದ ಕೆಲಸವೂ ಕರೆತಂದಿತು.

ಮುಂಬಯಿಯ ವಾಚಕರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ೧೯೪೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಬಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಕೊಲಾಬಾದ ಸಮುದ್ರತೀರದಲ್ಲಿದೆ. ಅಲ್ಲಿಯ ವಿಜ್ಞಾನಿಗಳು ಗಾಂಧಿನಗರದವರೊಡನೆ ಕೂಡಿ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಿರಿದಾದ ಲೇಸರ್ ಮಿಂಚನ್ನು ಘನವಸ್ತುವಿಗೆ ಹೊಡೆದು, ಮೇಜಿನ ಮೇಲೆಯೇ ನಕ್ಷತ್ರಲೋಕವನ್ನು ಹೋಲುವ ಕಾಂತಕ್ಷೋಭೆಯನ್ನು ಉಂಟುಮಾಡಿ ಅಳೆದರು. ಆ ಫಲಿತಾಂಶಗಳು ೨೦೧೨ರಲ್ಲಿ ಮತ್ತು ೨೦೧೭ರಲ್ಲಿ ಪ್ರಕಟವಾದವು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಕಟ್ಟಿದ ಕರೋನದರ್ಶಕವನ್ನು ಹೊತ್ತು ೨೦೨೩ರ ಸೆಪ್ಟೆಂಬರಿನಲ್ಲಿ ಹೊರಟ ‘ಆದಿತ್ಯ-ಎಲ್೧’ ನೌಕೆ, ೨೦೨೪ರ ಜನವರಿಯಲ್ಲಿ ತನ್ನ ನೆಲೆ ಸೇರಿತು. ಆಕಾಶದಲ್ಲಿ ಕಣ್ಣಿದೆ, ನೆಲದಲ್ಲಿ ಪ್ರಯೋಗಶಾಲೆಯಿದೆ, ವಿದ್ಯೆಯಿದೆ.

ಇಲ್ಲದಿರುವುದು ದುಡಿಯುವ ಕೈಗೆ ಭರವಸೆ. ಡಾಕ್ಟರೇಟ್ ಪಡೆದ ಸಂಶೋಧನಾ ಸಹಾಯಕನಿಗೆ ೨೦೨೩ರ ಜನವರಿಯಿಂದ ಗೊತ್ತುಪಡಿಸಿದ ಮಾಸಾಶನ ೫೮,೦೦೦ದಿಂದ ೬೭,೦೦೦ ರೂಪಾಯಿ, ಮನೆಬಾಡಿಗೆ ಬೇರೆ. ಇದು ಕಡಿಮೆಯೆಂದು ಹೇಳಿದರೆ ನಮ್ಮ ಹೋಟೆಲು ಕಾರ್ಮಿಕರು ನಕ್ಕಾರು. ಆದರೆ ಆ ಹಣ ತಿಂಗಳುಗಟ್ಟಲೆ ಬಾರದಿರುವುದುಂಟೆಂಬ ದೂರು ಸಂಶೋಧಕರಿಂದ ಮತ್ತೆ ಮತ್ತೆ ಕೇಳಿಬಂದಿದೆ. ಮೊದಲನೆಯ ತಾರೀಕಿನ ಪಗಾರಕ್ಕಾಗಿ ಕಾಯ್ದ ಯಾವ ಗುಮಾಸ್ತನೂ ಇದನ್ನು ಹಗುರವಾಗಿ ಎಣಿಸಲಾರನು. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಪೋಸ್ಟ್‌ಡಾಕ್ ವೇತನದ ಅವಧಿ ಎರಡು ವರ್ಷ. ನಮ್ಮ ದೇಶವು ಸಂಶೋಧನೆಗಾಗಿ ವೆಚ್ಚ ಮಾಡಿದುದು ೨೦೨೦-೨೧ರ ಲೆಕ್ಕದಂತೆ ರಾಷ್ಟ್ರೀಯ ಉತ್ಪನ್ನದ ಶೇಕಡಾ ೦.೬೪ ಮಾತ್ರ. ೨೦೨೫ರಲ್ಲಿ ಕೇಂದ್ರ ಸರಕಾರವು ಒಂದು ಲಕ್ಷ ಕೋಟಿ ರೂಪಾಯಿಗಳ ಸಂಶೋಧನಾ ನಿಧಿಯನ್ನು ಸಾರಿತು, ಸ್ವಾಗತಾರ್ಹವೇ. ಆದರೆ ಅದರ ಮುಖ್ಯ ಗುರಿ ಖಾಸಗಿ ಉದ್ಯಮಗಳಿಗೆ ಅಗ್ಗದ ಸಾಲ. ನಕ್ಷತ್ರದ ಲೆಕ್ಕ ಹಾಕುವವನಿಗೆ ಸಾಲ ಕೊಡುವವರಾರು? ಆತ ತೀರಿಸುವುದಾದರೂ ಯಾವುದರಿಂದ?

ಮಾಡಬೇಕಾದುದೇನು?

ಹಸಿದ ಹೊಟ್ಟೆಯ ದೇಶಕ್ಕೆ ಸೂರ್ಯನ ಚಿಂತೆ ಏಕೆಂದು ಕೇಳುವವರು ಇದ್ದಾರೆ. ಆ ಪ್ರಶ್ನೆಯನ್ನು ನಾವು ತಿರಸ್ಕರಿಸುವುದಿಲ್ಲ. ಬೆಂಕಿಪೆಟ್ಟಿಗೆಯಿಂದ ಹಿಡಿದು ಬಟ್ಟೆಯವರೆಗೆ ತೆರಿಗೆ ಕೊಡುವ ಬಡವನಿಗೆ ಅದನ್ನು ಕೇಳುವ ಹಕ್ಕಿದೆ. ಎಲ್ಲ ಸಂಶೋಧನೆಯಿಂದಲೂ ನಾಳೆಯೇ ಅನ್ನ ಹುಟ್ಟುತ್ತದೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಯಂತ್ರಕ್ಕೆ ಕೋಟ್ಯಂತರ ರೂಪಾಯಿ ಸುರಿದು, ಅದನ್ನು ಬಲ್ಲ ಕೈಯನ್ನು ಎರಡು ವರ್ಷಕ್ಕೆ ಹೊರಗೆ ಕಳಿಸುವುದು ಬಡವನ ಹಣವನ್ನು ಉಳಿಸಿದಂತೆ ಅಲ್ಲ, ಪೋಲು ಮಾಡಿದಂತೆ. ನಮ್ಮ ತಕರಾರು ಇಷ್ಟೇ.

ದೀರ್ಘಕಾಲದ ಪ್ರಯೋಗಗಳಲ್ಲಿ ದುಡಿಯುವವರಿಗೆ ಕನಿಷ್ಠ ಐದು ವರ್ಷಗಳ ಕರಾರು ಬೇಕು. ವೇತನವು ತಾರೀಕಿಗೆ ಸರಿಯಾಗಿ ಕೈಸೇರಬೇಕು. ಎಲ್ಲ ಪೋಸ್ಟ್‌ಡಾಕ್ ಸಂಶೋಧಕರೂ ಪ್ರಾಧ್ಯಾಪಕರಾಗುವುದು ಸಾಧ್ಯವಿಲ್ಲದ ಮಾತು. ಆದುದರಿಂದ ಯಂತ್ರವನ್ನು ನೋಡಿಕೊಳ್ಳುವ ಪ್ರಯೋಗವಿಜ್ಞಾನಿಗಳ ಕಾಯಂ ಹುದ್ದೆಗಳನ್ನು ಪ್ರತಿ ಪ್ರಯೋಗಶಾಲೆಯಲ್ಲಿಯೂ ಸ್ಥಾಪಿಸಬೇಕು. ಅಮೆರಿಕೆಯಿಂದ ಮರಳಬಯಸುವವನ ಅರ್ಜಿಗೆ ಹೌದೆಂದೋ ಇಲ್ಲವೆಂದೋ ಕೆಲವೇ ತಿಂಗಳಲ್ಲಿ ಉತ್ತರ ಹೋಗಬೇಕು. ಇವು ಯಾವುವೂ ಗಗನಕುಸುಮಗಳಲ್ಲ. ಸಾಮಾನ್ಯ ಹೋಟೆಲಿನ ಮಾಲಿಕನೂ ತನ್ನ ಒಳ್ಳೆಯ ಅಡಿಗೆಯವನನ್ನು ಉಳಿಸಿಕೊಳ್ಳಲು ಮಾಡುವಷ್ಟನ್ನು ಸರಕಾರವು ತನ್ನ ವಿದ್ವಾಂಸರಿಗಾಗಿ ಮಾಡಲೆಂದೇ ನಾವು ಕೇಳುತ್ತಿರುವುದು.

ನಮ್ಮ ಸಮಾಜದ ತಂದೆತಾಯಂದಿರಲ್ಲಿಯೂ ಒಂದು ಮಾತು. ತಟ್ಟೆ ಎತ್ತಿದ ತಲೆಮಾರಿನ ಮೊಮ್ಮಕ್ಕಳು ಇಂದು ಮುಂಬಯಿ, ಪುಣೆ, ಹೈದರಾಬಾದುಗಳ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿದ್ದಾರೆ. ಅವರಲ್ಲಿ ಒಬ್ಬಳು ಸಂಶೋಧನೆಯ ದಾರಿ ಹಿಡಿಯುವೆನೆಂದರೆ ತಡೆಯಬೇಡಿರಿ; ಆದರೆ ಕಣ್ಣು ಮುಚ್ಚಿ ಕಳಿಸಲೂ ಬೇಡಿರಿ. ಕರಾರು ಎಷ್ಟು ವರ್ಷದ್ದು, ಹಣ ಯಾರದು, ಮುಗಿದ ಮೇಲೆ ಮುಂದೇನು ಎಂಬುದನ್ನು ಕೂತು ವಿಚಾರಿಸಿರಿ. ಹೊಸ ಹೋಟೆಲಿನಲ್ಲಿ ಕೆಲಸಕ್ಕೆ ಸೇರುವ ಹುಡುಗನಿಗೆ ನೀವು ಕೇಳಲು ಹೇಳಿಕೊಡುವ ಪ್ರಶ್ನೆಗಳೇ ಇವು. ವಿದ್ಯೆ ದೊಡ್ಡದಾದ ಮಾತ್ರಕ್ಕೆ ಆ ಪ್ರಶ್ನೆಗಳು ಸಣ್ಣವಾಗುವುದಿಲ್ಲ.